ಕೊನೆಯ ರಾತ್ರಿ ಬರೆಯುವ ಸಾಲುಗಳು: ಸಹಯೋಗದ ಸಂಶೋಧನೆಗಳ ಘೋಷಣೆ ಕುರಿತು ಬಹಿರಂಗ ಪತ್ರ

ಗೆ,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು,
ಹಾಗೂ ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳು ಮತ್ತು ಕುಲಸಚಿವರು.

ವಿಷಯ: ಸಹಯೋಗದ ಸಂಶೋಧನೆಗಳಲ್ಲಿ ಅನುಮತಿ, ಹಣ, ಹಿತಾಸಕ್ತಿ, ದತ್ತಾಂಶ ಮತ್ತು ಕರ್ತೃತ್ವದ ವಿವರಗಳನ್ನು ಮೊದಲ ದಿನದಿಂದಲೇ ದಾಖಲಿಸುವ ಬಗ್ಗೆ.

ಮಾನ್ಯರೇ,

ಸಂಶೋಧನಾ ಲೇಖನದ ಕೊನೆಯಲ್ಲಿ, ಆಕರಗಳ ಪಟ್ಟಿಗೆ ಸ್ವಲ್ಪ ಮೊದಲು, ಸಣ್ಣ ಅಕ್ಷರದ ಐದಾರು ಸಾಲುಗಳಿರುತ್ತವೆ. ಹಣ ಕೊಟ್ಟವರು ಯಾರು, ಮನುಷ್ಯರ ಮೇಲಿನ ಸಂಶೋಧನೆಯನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಏನು, ಯಾವ ಲೇಖಕರು ಯಾವ ಕೆಲಸ ಮಾಡಿದರು, ದತ್ತಾಂಶ ಎಲ್ಲಿದೆ, ಯಾರಿಗಾದರೂ ಹಿತಾಸಕ್ತಿಯ ಸಂಘರ್ಷ ಇದೆಯೇ. ಓದುವವರು ಹಾರಿಸಿಬಿಡುವ ಈ ಸಾಲುಗಳನ್ನು ಬರೆಯುವವರೂ ಅವಸರದಲ್ಲೇ ಬರೆಯುತ್ತಾರೆ. ಪತ್ರಿಕೆಯ ಜಾಲತಾಣಕ್ಕೆ ಲೇಖನ ಏರಿಸುವ ರಾತ್ರಿ, ನಕ್ಷತ್ರ ಗುರುತಿನ ಖಾನೆಗಳನ್ನು ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಆಗ ತಂಡದ ಕಿರಿಯ ಸಂಶೋಧನಾರ್ಥಿ ಹಳೆಯ ಯಾವುದೋ ಲೇಖನದಿಂದ ನಾಲ್ಕು ಸಾಲು ತಂದು ಅಂಟಿಸುತ್ತಾರೆ. ಮೂರು ಊರುಗಳ, ಎರಡು ದೇಶಗಳ, ಹನ್ನೊಂದು ಜನರ ಪರವಾಗಿ ‘ಯಾರಿಗೂ ಯಾವ ಹಿತಾಸಕ್ತಿಯೂ ಇಲ್ಲ’ ಎಂದು ಒಬ್ಬರೇ ಟಿಕ್ ಹಾಕುತ್ತಾರೆ. ಉಳಿದ ಹತ್ತು ಜನರನ್ನು ಯಾರೂ ಕೇಳಿರುವುದಿಲ್ಲ.

ಈ ಪತ್ರದ ಕೋರಿಕೆ ಒಂದೇ. ಎರಡು ಅಥವಾ ಹೆಚ್ಚು ಸಂಸ್ಥೆಗಳು ಕೂಡಿ ಕೈಗೊಳ್ಳುವ ಪ್ರತಿ ಸಂಶೋಧನೆಗೂ, ಒಪ್ಪಂದಕ್ಕೆ ಸಹಿ ಬಿದ್ದ ದಿನವೇ, ಒಂದು ‘ಘೋಷಣಾ ವಹಿ’ ತೆರೆಯುವುದನ್ನು ಕಡ್ಡಾಯ ಮಾಡಿ. ಯಾರ ಹಣ, ಯಾರ ಅನುಮತಿ, ಯಾರ ದುಡಿಮೆ, ಯಾರ ಬಳಿ ದತ್ತಾಂಶ, ಯಾರಿಗೆ ಏನು ಲಾಭ ಎಂಬುದು ಅದರಲ್ಲಿ ದಿನಾಂಕದ ಸಮೇತ ದಾಖಲಾಗುತ್ತಾ ಹೋಗಲಿ. ಲೇಖನ ಕಳಿಸುವಾಗ ಅಲ್ಲಿಂದಲೇ ಸಾಲುಗಳನ್ನು ಎತ್ತಿಕೊಳ್ಳಲಿ. ಹಾಜರಿ ವಹಿ, ದಾಸ್ತಾನು ವಹಿ, ನಡಾವಳಿ ವಹಿ ಇಲ್ಲದ ಕಚೇರಿ ನಮ್ಮಲ್ಲಿಲ್ಲ. ಮನುಷ್ಯರ ರಕ್ತ, ಮಾತು, ಹಾಡು, ಕಾಯಿಲೆಯ ವಿವರ ಕೂಡಿಹಾಕುವ ಕೆಲಸಕ್ಕೆ ಮಾತ್ರ ಬಹಳ ಕಡೆ ಅಂಥದೊಂದು ಪುಸ್ತಕವೇ ಇಲ್ಲ.

ಇವತ್ತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯ ಪ್ರಾಮಾಣಿಕತೆ ಎಂದರೆ ಹೆಚ್ಚುಕಡಿಮೆ ಒಂದೇ ಅಂಕಿ: ಶೇ 10. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಬೇರೆಯವರ ಬರಹದ ಜೊತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಮಹಾಪ್ರಬಂಧದಲ್ಲಿ ಹೋಲಿಕೆ ಶೇ 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆ ಲೆಕ್ಕಕ್ಕಿಲ್ಲ. ಈ ನಿಯಮ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಇದನ್ನು ಅಳೆಯುವ ತಂತ್ರಾಂಶ ನೋಡುವುದು ಪದಗಳ ಹೋಲಿಕೆಯನ್ನಷ್ಟೇ. ಒಪ್ಪಿಗೆಯಿಲ್ಲದೆ ತೆಗೆದ ರಕ್ತ, ಮರೆಮಾಚಿದ ಕಂಪನಿಯ ಹಣ, ದುಡಿಯದೆ ಸೇರಿಕೊಂಡ ಹೆಸರು, ಮರದ ನೆರಳಲ್ಲಿ ಕೂತು ತಾವೇ ತುಂಬಿದ ಪ್ರಶ್ನಾವಳಿ, ಇವೆಲ್ಲ ಶೇ 3ರ ಪ್ರಮಾಣಪತ್ರ ಹಿಡಿದು ಸಲೀಸಾಗಿ ಪಾಸಾಗುತ್ತವೆ.

ಕನ್ನಡ ಮಹಾಪ್ರಬಂಧಗಳ ಪಾಡು ಇನ್ನೂ ಬೇರೆ. ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ಸಾಧನಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿದ ಕಡತವನ್ನು ಪಿಡಿಎಫ್ ಮಾಡಿ ಈ ತಂತ್ರಾಂಶಕ್ಕೆ ಕೊಟ್ಟರೆ, ನಮ್ಮ ಕಣ್ಣಿಗೆ ಕನ್ನಡ ಕಂಡರೂ ತಂತ್ರಾಂಶಕ್ಕೆ ಸಿಗುವುದು ಲ್ಯಾಟಿನ್ ಅಕ್ಷರಗಳ ಗೋಜಲು. ಯೂನಿಕೋಡಿನಲ್ಲಿರುವ ಯಾವ ಕನ್ನಡ ಪಠ್ಯದ ಜೊತೆಗೂ ಅದು ಹೊಂದುವುದಿಲ್ಲ, ಹೋಲಿಕೆ ಸೊನ್ನೆಯ ಹತ್ತಿರ ಬರುತ್ತದೆ. ಹಾಗಾಗಿ ಮೊದಲ ಸಣ್ಣ ಬೇಡಿಕೆ: ಕನ್ನಡ ಪ್ರಬಂಧಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಪರೀಕ್ಷೆಗೆ ಕೊಡಬೇಕು, ಪ್ರಮಾಣಪತ್ರದಲ್ಲಿ ಅದನ್ನು ನಮೂದಿಸಬೇಕು.

ಇನ್ನು ದೊಡ್ಡ ವಿಷಯಕ್ಕೆ ಬರೋಣ. ಕೂಡಿ ಮಾಡುವ ಕೆಲಸದಲ್ಲಿ ಘೋಷಣೆ ಯಾಕೆ ಹೆಚ್ಚು ಕಷ್ಟ, ಹೆಚ್ಚು ಅಗತ್ಯ? ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಂಡಿರುತ್ತಾರೆ ಎಂದುಕೊಳ್ಳುತ್ತಾರೆ. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧ ಕೊಟ್ಟಲ್ಲಿ ಸಾವು ಹೆಚ್ಚು ಎನ್ನುವ ಒಂದು ಲೇಖನ ಬಂತು. ಆರು ಖಂಡಗಳ 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ಮಾಹಿತಿ ಎಂದು ಅದರಲ್ಲಿ ಬರೆದಿತ್ತು. ಮಾಹಿತಿ ಒದಗಿಸಿದ್ದು ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ಕೆಲದಿನ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ ಸರ್ಕಾರ ದಾಖಲಿಸಿದ ಸಾವುಗಳಿಗಿಂತ ಈ ಲೇಖನದಲ್ಲಿದ್ದ ಅಲ್ಲಿನ ಸಾವುಗಳು ಹೆಚ್ಚಿದ್ದವು ಎಂಬುದನ್ನು ಹೊರಗಿನವರು ಗುರುತಿಸಿದರು. ಸ್ವತಂತ್ರ ಪರಿಶೀಲಕರಿಗೆ ಮೂಲ ದತ್ತಾಂಶ ಕೊಡಲು ಕಂಪನಿ ಒಪ್ಪಲಿಲ್ಲ. ಜೂನ್ 4ರಂದು, ಲೇಖಕರಲ್ಲೊಬ್ಬರಾಗಿದ್ದ ಕಂಪನಿಯ ಮುಖ್ಯಸ್ಥರನ್ನು ಬಿಟ್ಟು, ಉಳಿದ ಮೂವರು ಲೇಖಕರು ಲೇಖನ ಹಿಂಪಡೆದರು. ನಾಲ್ವರ ತಂಡ, ಹದಿಮೂರು ದಿನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲ್ಯಾನ್ಸೆಟ್ ನಿಯಮ ಬದಲಿಸಿತು: ಒಬ್ಬರಿಗಿಂತ ಹೆಚ್ಚು ಲೇಖಕರು ಮೂಲ ದತ್ತಾಂಶವನ್ನು ಖುದ್ದಾಗಿ ನೋಡಿ ಪರಿಶೀಲಿಸಿರಬೇಕು, ಅವರ ಹೆಸರು ಲೇಖನದಲ್ಲಿ ಇರಬೇಕು, ಕಂಪನಿಯ ಜೊತೆಗಿನ ಸಹಯೋಗವಾದರೆ ಅವರಲ್ಲಿ ಒಬ್ಬರು ವಿಶ್ವವಿದ್ಯಾಲಯದ ಕಡೆಯವರಾಗಿರಬೇಕು.

ನಮ್ಮ ವಹಿಯ ಒಂದು ಪುಟ ಇದಕ್ಕೇ ಮೀಸಲಾಗಬೇಕು. ‘ಮೂಲ ದತ್ತಾಂಶ ನೋಡಿದವರು’ ಎಂಬ ಶೀರ್ಷಿಕೆ, ಕನಿಷ್ಠ ಎರಡು ಹೆಸರು, ಎರಡೂ ಬೇರೆಬೇರೆ ಸಂಸ್ಥೆಯವು, ನೋಡಿದ ದಿನಾಂಕ, ಎಷ್ಟು ದಾಖಲೆ ತೆರೆದು ನೋಡಿದರು ಎಂಬ ಸಂಖ್ಯೆ. ನೋಡುವುದೆಂದರೆ ಎಕ್ಸೆಲ್ ಹಾಳೆ ತೆರೆದು ಮುಚ್ಚುವುದಲ್ಲ. 400 ಪ್ರಶ್ನಾವಳಿ ಇದ್ದರೆ ಚೀಟಿ ಎತ್ತಿದಂತೆ 20 ಆರಿಸಿ, ಕಾಗದದ ಪ್ರತಿಯ ಉತ್ತರಗಳನ್ನು ಹಾಳೆಯ ಸಾಲುಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಒಂದೇ ದಿನ ಒಬ್ಬರೇ ಸಂದರ್ಶಕರು 40 ಮನೆ ಮುಗಿಸಿದ್ದಾರೆಯೇ? ಸಾಲುಸಾಲಾಗಿ ಒಂದೇ ಉತ್ತರ ಬಿದ್ದಿದೆಯೇ? ರಕ್ತದೊತ್ತಡದ ಅಂಕಿಗಳೆಲ್ಲ ಸೊನ್ನೆಯಲ್ಲೋ ಐದರಲ್ಲೋ ಮುಗಿಯುತ್ತವೆಯೇ? ಅರ್ಧ ದಿನದ ಕೆಲಸ ಇದು. ತಪ್ಪು ಸಿಕ್ಕರೆ ಸಿಟ್ಟಾಗುವ ಕಾಲ ಅಲ್ಲ, ತಿದ್ದುವ ಕಾಲ. ಪ್ರಕಟವಾದ ಮೇಲೆ ಸಿಕ್ಕರೆ ತಂಡದ ಎಲ್ಲರ ಹೆಸರೂ ಹೋಗುತ್ತದೆ.

ಅನುಮತಿಯ ಪುಟದಲ್ಲಿ ತಪ್ಪುಗಳು ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ‘ನೈತಿಕ ಸಮಿತಿಯ ಅನುಮತಿ ಪಡೆಯಲಾಗಿದೆ’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ಸಮಿತಿಯ ಹೆಸರು, ಅದರ ನೋಂದಣಿ ಸಂಖ್ಯೆ, ಅನುಮತಿ ಪತ್ರದ ಸಂಖ್ಯೆ ಮತ್ತು ದಿನಾಂಕ, ಯಾವ ಆವೃತ್ತಿಯ ಯೋಜನೆಗೆ ಅನುಮತಿ, ಮೊದಲ ವ್ಯಕ್ತಿಯನ್ನು ಸೇರಿಸಿಕೊಂಡ ದಿನಾಂಕ, ಇಷ್ಟೂ ಬೇಕು. ಕೊನೆಯದೇ ಮುಖ್ಯ. ಅನುಮತಿಯ ದಿನಾಂಕ ಅದಕ್ಕಿಂತ ಮೊದಲಿನದಾಗಿರಬೇಕು. ಮಾಹಿತಿ ಸಂಗ್ರಹ ಮುಗಿದ ಮೇಲೆ ಕೊಡುವ ಅನುಮತಿ ಅನುಮತಿಯೇ ಅಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯ ಪ್ರಕಾರ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸಭೆಗೆ ಕನಿಷ್ಠ 5 ಜನ ಹಾಜರಿರಬೇಕು, ವೈದ್ಯರಲ್ಲದವರೂ ಅವರಲ್ಲಿರಬೇಕು. ಯೋಜನೆಯಲ್ಲಿ ಪಾಲುದಾರರಾದ ಸದಸ್ಯರು ಆ ಚರ್ಚೆಯ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಔಷಧ ಅಥವಾ ಚಿಕಿತ್ಸೆಯ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐನಲ್ಲಿ, ಮೊದಲೇ ನೋಂದಾಯಿಸಬೇಕು. 2018ರ ಏಪ್ರಿಲ್ 1ರಿಂದ, ಪ್ರಯೋಗ ಶುರುವಾದ ಮೇಲೆ ಅಲ್ಲಿ ನೋಂದಣಿ ಇಲ್ಲ. ವಿದೇಶದ ಹಣ ಅಥವಾ ಪಾಲುದಾರಿಕೆ ಇರುವ ಆರೋಗ್ಯ ಸಂಶೋಧನೆಯಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಅನುಮತಿಯೂ ಬೇಕು.

ಸಹಯೋಗದಲ್ಲಿ ಆಗುವ ಎಡವಟ್ಟು ಹೀಗಿರುತ್ತದೆ: ಬೆಂಗಳೂರಿನ ಸಂಸ್ಥೆಯ ಸಮಿತಿ ಅನುಮತಿ ಕೊಟ್ಟಿರುತ್ತದೆ, ಕಲಬುರಗಿಯ ಕಾಲೇಜು ಅದೇ ಸಾಕೆಂದು ಕೆಲಸ ಶುರು ಮಾಡಿರುತ್ತದೆ. ಹಲವು ಕೇಂದ್ರಗಳಲ್ಲಿ ನಡೆಯುವ ಅಧ್ಯಯನಗಳಿಗೆ ಎಲ್ಲ ಕೇಂದ್ರಗಳಿಗೂ ಸೇರಿ ಒಂದೇ ಪರಿಶೀಲನೆಯ ಅವಕಾಶವನ್ನು ಐಸಿಎಂಆರ್ ಮಾರ್ಗಸೂಚಿಯೇ ಕೊಟ್ಟಿದೆ. ಆದರೆ ಆ ಏರ್ಪಾಟನ್ನು ಸಂಬಂಧಪಟ್ಟ ಸಮಿತಿಗಳು ಬರಹದಲ್ಲಿ ಒಪ್ಪಿರಬೇಕು. ಒಂದು ಹಾಳೆಯಲ್ಲಿ ಕೇಂದ್ರದ ಹೆಸರು, ಸಮಿತಿ, ಅನುಮತಿ ದಿನಾಂಕ, ಆರಂಭದ ದಿನಾಂಕ ಎಂದು ನಾಲ್ಕು ಕಾಲಂ ಹಾಕಿದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಸಮಾಜಶಾಸ್ತ್ರ, ಶಿಕ್ಷಣ, ಮನಃಶಾಸ್ತ್ರ, ಜಾನಪದ ವಿಭಾಗಗಳನ್ನು ಈ ಮಾತಿನಿಂದ ಹೊರಗಿಡಬೇಡಿ. ರಕ್ತ ತೆಗೆಯದಿದ್ದರೆ ನೈತಿಕ ಪರಿಶೀಲನೆ ಬೇಡ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಗಂಡನಿಂದ ಹೊಡೆತ ತಿಂದವರ ಸಂದರ್ಶನ, ಮಲಹೊರುವ ಕೆಲಸ ಮಾಡಿದವರ ಮಾತು, ಹಾಸ್ಟೆಲ್ ಮಕ್ಕಳ ಪ್ರಶ್ನಾವಳಿ, ಇವು ಒಂದು ಸಿರಿಂಜಿಗಿಂತ ಹೆಚ್ಚು ನೋವು ಕೊಡಬಲ್ಲವು. ಯಾವ ಅಧ್ಯಯನಕ್ಕೆ ವಿನಾಯಿತಿ ಎಂಬುದನ್ನು ತೀರ್ಮಾನಿಸಬೇಕಾದದ್ದು ಸಮಿತಿ, ಮಾರ್ಗದರ್ಶಕರಲ್ಲ. ವೈದ್ಯಕೀಯ ಕಾಲೇಜಿಲ್ಲದ ವಿಶ್ವವಿದ್ಯಾಲಯಗಳಲ್ಲೂ ಸಮಾಜ ವಿಜ್ಞಾನಗಳಿಗೆ ಪ್ರತ್ಯೇಕ ಸಮಿತಿ ಬೇಕು. ಎರಡು ಮೂರು ವಿಶ್ವವಿದ್ಯಾಲಯಗಳು ಸೇರಿ ಒಂದನ್ನು ನಡೆಸಿದರೂ ಸರಿ.

ಒಪ್ಪಿಗೆ ಪತ್ರದ ಮಾತು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯೊಂದು ನಡೆಯಿತು. ಅಮೆರಿಕದ ಪಾಥ್ ಸಂಸ್ಥೆ, ಐಸಿಎಂಆರ್ ಮತ್ತು ಎರಡು ರಾಜ್ಯ ಸರ್ಕಾರಗಳ ಸಹಯೋಗ ಅದು. 2010ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಖಮ್ಮಂನಲ್ಲಿ ಸಾವಿರಾರು ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಕೆಲವರು ಸತ್ತಿದ್ದರು. ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲ ಎಂದು ವಿಚಾರಣೆ ಹೇಳಿತು, ಆದರೂ ಸಂಸದೀಯ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಇಡೀ ಏರ್ಪಾಟನ್ನು ಕಟುವಾಗಿ ಟೀಕಿಸಿತು. ಒಳ್ಳೆಯ ಲಸಿಕೆಯೊಂದರ ಮೇಲೆ ಜನರಿಗೆ ವರ್ಷಗಟ್ಟಲೆ ಅನುಮಾನ ಉಳಿಯಲು ಒಪ್ಪಿಗೆಯ ಆ ಸಹಿಗಳೂ ಕಾರಣವಾದವು.

ನಮ್ಮಲ್ಲಿ ಸಹಿಯ ಸಮಸ್ಯೆಗಿಂತ ಮೊದಲು ಭಾಷೆಯ ಸಮಸ್ಯೆ ಇದೆ. ವಿದೇಶಿ ಪಾಲುದಾರರು ಇಂಗ್ಲಿಷಿನಲ್ಲಿ ಕಳಿಸಿದ ಹತ್ತು ಪುಟಗಳ ಮಾಹಿತಿ ಪತ್ರವನ್ನು ಯಾರೋ ಕನ್ನಡಕ್ಕೆ ತರುತ್ತಾರೆ. ‘ಸಹಭಾಗಿಗಳನ್ನು ಯಾದೃಚ್ಛಿಕೀಕರಣಕ್ಕೆ ಒಳಪಡಿಸಲಾಗುವುದು’ ಎಂದು ಅದರಲ್ಲಿ ಬರುತ್ತದೆ. ಇದು ಸಿಂಧನೂರಿನ ಕೂಲಿ ಹೆಣ್ಣುಮಗಳಿಗೂ ಅರ್ಥವಾಗದು, ಓದಿ ಹೇಳುವ ನರ್ಸಿಗೂ ಅರ್ಥವಾಗದು. ಹೀಗೆ ಬರೆಯಬಹುದು: ‘ನಿಮಗೆ ಹೊಸ ಮಾತ್ರೆ ಕೊಡಬೇಕೋ ಹಳೆಯದು ಕೊಡಬೇಕೋ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ನಿಮ್ಮದು ಯಾವ ಮಾತ್ರೆ ಎಂದು ಕೊನೆಯವರೆಗೆ ನಿಮಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ.’ ‘5 ಮಿಲಿಲೀಟರ್ ಸಿರೆರಕ್ತ’ ಎನ್ನುವ ಬದಲು ‘ತೋಳಿನಿಂದ ಒಂದು ಸಣ್ಣ ಚಮಚದಷ್ಟು ರಕ್ತ’ ಎನ್ನಬಹುದು. ‘ನೀವು ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಈ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ನಿಲ್ಲುವುದಿಲ್ಲ’ ಎಂಬುದು ಮೊದಲ ಪುಟದಲ್ಲಿರಲಿ, ಎಂಟನೆಯ ಪುಟದಲ್ಲಿ ಬೇಡ.

ಅನುವಾದ ಆದ ಮೇಲೆ ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು. ಅಷ್ಟಕ್ಕೇ ನಿಲ್ಲಬೇಡಿ: ಯೋಜನೆಗೆ ಸಂಬಂಧವಿಲ್ಲದ ಐದು ಜನರಿಗೆ ಓದಿ ಹೇಳಿ, ‘ಈಗ ನಿಮಗೆ ಏನು ಮಾಡುತ್ತಾರಂತೆ?’ ಎಂದು ಕೇಳಿ. ಅವರ ಉತ್ತರದಲ್ಲಿ ಎಲ್ಲಿ ತಪ್ಪಿದೆಯೋ ಅಲ್ಲಿ ಪತ್ರ ತಪ್ಪಿದೆ. ತುಳು, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದು ಮನೆಮಾತಿನವರಿಗೆ ಕನ್ನಡ ಪ್ರತಿಯೇ ಸಾಕು ಎಂದುಕೊಳ್ಳುವುದೂ ತಪ್ಪು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಯೋಜನೆಗೆ ಸೇರದ ಸಾಕ್ಷಿಯೊಬ್ಬರು ಪೂರ್ತಿ ಮಾತುಕತೆಯ ಹೊತ್ತು ಕೂತಿರಬೇಕು. ಕೊನೆಗೆ ಕರೆದು ಸಹಿ ಮಾಡಿಸಿಕೊಂಡ ವಾರ್ಡ್‌ಬಾಯ್ ಸಾಕ್ಷಿಯಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, 12ರಿಂದ 18ರವರೆಗಿನವರ ಬರಹದ ಸಮ್ಮತಿ ಬೇಕು. ಪದೇಪದೇ ಕಾಣುವ ಇನ್ನೊಂದು ದೋಷ: ಇಂಗ್ಲಿಷ್ ಪ್ರತಿ ಮೂರನೆಯ ಆವೃತ್ತಿಗೆ ಬಂದಿರುತ್ತದೆ, ಕನ್ನಡ ಪ್ರತಿ ಒಂದನೆಯದರಲ್ಲೇ ನಿಂತಿರುತ್ತದೆ. ಜನ ಸಹಿ ಹಾಕಿದ್ದು ಸಮಿತಿ ಒಪ್ಪದ ಪತ್ರಕ್ಕೆ ಎಂದಾಗುತ್ತದೆ. ಪ್ರತಿ ಭಾಷೆಯ ಪ್ರತಿಗೂ ಅಡಿಯಲ್ಲಿ ಆವೃತ್ತಿ ಸಂಖ್ಯೆ, ದಿನಾಂಕ, ಸಮಿತಿಯ ಮುದ್ರೆ ಇರಲಿ, ವಹಿಯಲ್ಲಿ ಅದರ ನಕಲು ಇರಲಿ.

ಒಪ್ಪಿಗೆ ಕೊಟ್ಟದ್ದು ಯಾವುದಕ್ಕೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಬದುಕುವ ಹವಾಸುಪಾಯಿ ಬುಡಕಟ್ಟಿನವರು 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಟ್ಟರು, ತಮ್ಮಲ್ಲಿ ಹಬ್ಬಿದ್ದ ಸಕ್ಕರೆ ಕಾಯಿಲೆಗೆ ದಾರಿ ಸಿಗುತ್ತದೆಂದು. ಪತ್ರದಲ್ಲಿದ್ದ ಮಾತು ಅಗಲವಾಗಿತ್ತು. ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ, ಒಳಸಂಬಂಧದ ಮದುವೆ, ಪೂರ್ವಜರ ವಲಸೆಯ ಅಧ್ಯಯನಗಳೂ ನಡೆದವು. 2010ರಲ್ಲಿ ವಿಶ್ವವಿದ್ಯಾಲಯ ಏಳು ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಹಿಂತಿರುಗಿಸಿ ರಾಜಿ ಮಾಡಿಕೊಂಡಿತು. ಜೇನುಕುರುಬ, ಕೊರಗ, ಸೋಲಿಗ ಸಮುದಾಯಗಳಲ್ಲಿ ಕೆಲಸ ಮಾಡುವ ನಮ್ಮ ತಂಡಗಳಿಗೆ ಇದು ದೂರದ ವಿಷಯವಲ್ಲ. ಯಜಮಾನರ ಅಥವಾ ಸಂಘದ ಒಪ್ಪಿಗೆ ಹಾಡಿಯೊಳಗೆ ಕಾಲಿಡಲು ಬೇಕು. ಅದು ಒಬ್ಬೊಬ್ಬರ ಒಪ್ಪಿಗೆಯ ಜಾಗ ತುಂಬುವುದಿಲ್ಲ. ಹಾಡು, ಕಥೆ ಧ್ವನಿಮುದ್ರಿಸುವವರೂ ಗಮನಿಸಬೇಕು: ಹೆಸರು ತೆಗೆದರೂ ದನಿ ಗುರುತು ಹೇಳುತ್ತದೆ. ಧ್ವನಿಮುದ್ರಣ ಯಾರ ಹತ್ತಿರ, ಎಷ್ಟು ವರ್ಷ, ಸಮುದಾಯಕ್ಕೆ ಪ್ರತಿ ಕೊಟ್ಟಿರೋ ಇಲ್ಲವೋ ಎಂಬುದು ವಹಿಯಲ್ಲಿ ಬೇಕು.

ಗಿಡ, ಕಪ್ಪೆ, ಸೂಕ್ಷ್ಮಾಣುಗಳ ಮೇಲೆ ವಿದೇಶಿಯರ ಜೊತೆ ಕೆಲಸ ಮಾಡುವವರು 2002ರ ಜೀವವೈವಿಧ್ಯ ಕಾಯ್ದೆಯನ್ನು ಮರೆಯುವಂತಿಲ್ಲ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆದಿರೋ, ಅಥವಾ ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟ ಸಹಯೋಗವೆಂದು ವಿನಾಯಿತಿ ಪಡೆದಿರೋ, ಸ್ಪಷ್ಟವಾಗಿ ಬರೆಯಿರಿ. ಲಾಭದ ಮಾತನ್ನೂ ಮೊದಲೇ ಬರೆಯಬಹುದು ಎಂಬುದಕ್ಕೆ ಕೇರಳದ ಕಾಣಿ ಸಮುದಾಯದ ಆರೋಗ್ಯಪಚ್ಚ ಗಿಡದ ಪ್ರಸಂಗವಿದೆ. ಆ ಗಿಡದಿಂದ ಔಷಧ ರೂಪಿಸಿದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ, ಕಂಪನಿಯಿಂದ ಬಂದ 10 ಲಕ್ಷ ರೂಪಾಯಿ ಶುಲ್ಕ ಮತ್ತು ಶೇ 2ರ ರಾಯಧನದಲ್ಲಿ ಅರ್ಧವನ್ನು ಕಾಣಿಗಳಿಗೆ ಕೊಡಲು ಒಪ್ಪಿತು. ಆಮೇಲೆ ತಕರಾರುಗಳು ಬಂದದ್ದು ನಿಜ, ಆದರೆ ಚರ್ಚೆಗೆ ಹಿಡಿಯಲು ಒಂದು ಅಂಕಿ ಕಾಗದದ ಮೇಲಿತ್ತು.

ದತ್ತಾಂಶದ ಬಗ್ಗೆ ನಮ್ಮ ಲೇಖನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಸಾಲು ‘ಕೋರಿದರೆ ಕೊಡಲಾಗುವುದು’. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಬರೆದಿದ್ದ 1,792 ಲೇಖನಗಳ ಲೇಖಕರನ್ನು ನಿಜವಾಗಿಯೂ ಕೋರಿ ನೋಡಿತು. ಕೊಟ್ಟವರು 122 ಜನ. ಶೇ 93 ಮಂದಿ ಉತ್ತರಿಸಲಿಲ್ಲ ಅಥವಾ ಒಲ್ಲೆ ಎಂದರು. ಕೊಡಲಾಗದಿದ್ದರೆ ಕೊಡಲಾಗದು, ಈ ಕಾರಣಕ್ಕೆ ಎಂದು ಬರೆಯುವುದು ಗೌರವದ ದಾರಿ. ಕೊಡುವುದಾದರೆ ಯಾವ ಭಂಡಾರ, ಯಾವ ಗುರುತು ಸಂಖ್ಯೆ, ಯಾರು ಕೇಳಬಹುದು, ಎಷ್ಟು ದಿನದೊಳಗೆ ಉತ್ತರ ಎಂಬುದಿರಲಿ. ವೈಯಕ್ತಿಕ ವಿಳಾಸದ ಬದಲು ಸಂಸ್ಥೆಯ ಖಾಯಂ ಇಮೇಲ್ ಕೊಡಿ. ಸಂಶೋಧನಾರ್ಥಿ ಪದವಿ ಪಡೆದು ಹೋದ ಮೇಲೆ ಅವರ ಹಳೆಯ ಇಮೇಲಿಗೆ ಬಂದ ಕೋರಿಕೆಯನ್ನು ಯಾರು ನೋಡುತ್ತಾರೆ?

ಹಂಚುವ ಮೊದಲು ಗುರುತು ಅಳಿಸಬೇಕು. ಹೆಸರು, ಆಧಾರ್, ಫೋನು ತೆಗೆದರೆ ಆಯಿತೆಂದು ತಿಳಿಯಬಾರದು. ತಾಲ್ಲೂಕು, ವಯಸ್ಸು 83, ಚಿಕ್ಕ ಸಮುದಾಯದ ಹೆಸರು, ಅಪರೂಪದ ಕಾಯಿಲೆ ಎಂದು ನಾಲ್ಕು ಕಾಲಂ ಒಟ್ಟಿಗೆ ಇದ್ದರೆ ಆ ಊರಿನ ಯಾರು ಬೇಕಾದರೂ ಅಜ್ಜಿಯ ಹೆಸರು ಹೇಳುತ್ತಾರೆ. ವಯಸ್ಸನ್ನು ಐದೈದು ವರ್ಷದ ಗುಂಪಾಗಿಸಿ, ಹಳ್ಳಿಯ ಬದಲು ಜಿಲ್ಲೆ ಹಾಕಿ, ತಾರೀಖಿನ ಬದಲು ‘ಸೇರಿದ 12ನೆಯ ದಿನ’ ಎಂದು ಬರೆಯಿರಿ. ಹೆಸರು ಮತ್ತು ಸಂಕೇತ ಸಂಖ್ಯೆ ಜೋಡಿಸುವ ಪಟ್ಟಿ ಒಂದೇ ಸಂಸ್ಥೆಯಲ್ಲಿ, ಬೀಗದೊಳಗೆ ಇರಲಿ, ಪಾಲುದಾರರಿಗೆ ವಾಟ್ಸ್ಆ್ಯಪಿನಲ್ಲಿ ಹೋಗದಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ. ಆದರೆ ಆ ದತ್ತಾಂಶ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ನಿರ್ಧಾರ ಕೈಗೊಳ್ಳುವಂತಿಲ್ಲ, ಗೊತ್ತುಪಡಿಸಿದ ಮಾನದಂಡಗಳನ್ನು ಪಾಲಿಸಬೇಕು. ಸಂದರ್ಶನದ ಬರಹವನ್ನು ಅನುವಾದಕ್ಕೋ ಸಾರಾಂಶಕ್ಕೋ ಸಾರ್ವಜನಿಕ ಎಐ ಚಾಟ್‌ಬಾಟಿಗೆ ಹಾಕುವವರು ಇಲ್ಲೇ ಎಡವುತ್ತಾರೆ. ಒಪ್ಪಿಗೆ ಪತ್ರದಲ್ಲಿ ‘ನಿಮ್ಮ ಮಾತು ನಮ್ಮ ತಂಡ ಬಿಟ್ಟು ಯಾರಿಗೂ ಹೋಗುವುದಿಲ್ಲ’ ಎಂದು ಬರೆದಿದ್ದರೆ ಆ ವಾಗ್ದಾನ ಅಲ್ಲಿಗೆ ಮುರಿಯಿತು. ಎಐ ಬಳಸಿದ್ದರೆ ಯಾವ ಉಪಕರಣ, ಯಾವ ಆವೃತ್ತಿ, ಯಾವ ಭಾಗಕ್ಕೆ, ಫಲಿತಾಂಶ ಪರಿಶೀಲಿಸಿದವರು ಯಾರು ಎಂದು ಬರೆಯಬೇಕು. ಹೊಣೆ ಹೊರಲು ಆಗದ ಕಾರಣ ಅದನ್ನು ಲೇಖಕರೆಂದು ಸೇರಿಸುವಂತಿಲ್ಲ ಎಂದು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ 2023ರಲ್ಲೇ ಹೇಳಿದೆ.

ಹಣದ ಪುಟ ಚಿಕ್ಕದು, ಆದರೆ ನೇರವಾಗಿರಲಿ. ಕೊಟ್ಟವರ ಹೆಸರು ಮತ್ತು ಮಂಜೂರಾತಿ ಸಂಖ್ಯೆಯ ಜೊತೆ ಅವರ ಪಾತ್ರವೂ ಬೇಕು: ಯೋಜನೆ ರೂಪಿಸುವಾಗ, ವಿಶ್ಲೇಷಿಸುವಾಗ, ಬರೆಯುವಾಗ, ಪ್ರಕಟಿಸುವ ತೀರ್ಮಾನದಲ್ಲಿ ಅವರ ಕೈ ಇತ್ತೇ? ಪ್ರಕಟಣೆಯನ್ನು ತಡೆಯುವ ಹಕ್ಕನ್ನು ಒಪ್ಪಂದದಲ್ಲಿ ಯಾರಿಗೂ ಕೊಡಬೇಡಿ. ಪೇಟೆಂಟ್ ಅರ್ಜಿಗೆಂದು ಹೆಚ್ಚೆಂದರೆ 60 ದಿನ ಕಾಯುವ ಷರತ್ತು ಸಾಕು. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಬಂದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. ಸ್ವಯಂಸೇವಾ ಸಂಸ್ಥೆಯ ಮೂಲಕ ಹಣ ಹರಿಸುವ ಯೋಜನೆಗಳು ಇದನ್ನು ಗಮನಿಸದೆ ನಡುದಾರಿಯಲ್ಲಿ ನಿಲ್ಲುತ್ತವೆ. ಹಿತಾಸಕ್ತಿಯ ಘೋಷಣೆಯನ್ನು ಪ್ರತಿ ಲೇಖಕರೂ ತಾವೇ ಬರೆದು ಸಹಿ ಹಾಕಲಿ. ಸಂಪಾದಕರ ಸಮಿತಿಯ ನಮೂನೆ ಕಳೆದ 36 ತಿಂಗಳ ಲೆಕ್ಕ ಕೇಳುತ್ತದೆ: ಗೌರವಧನ, ಷೇರು, ಸಲಹೆಗಾರಿಕೆ, ಪ್ರಯಾಣದ ಖರ್ಚು. ಘೋಷಿಸಿದವರನ್ನು ತಪ್ಪಿತಸ್ಥರಂತೆ ನೋಡುವ ಅಭ್ಯಾಸ ನಮ್ಮ ವಿಭಾಗಗಳಲ್ಲಿದೆ. ಅದಕ್ಕೇ ಜನ ಮುಚ್ಚಿಡುತ್ತಾರೆ.

ಇನ್ನು ಕರ್ತೃತ್ವ. ಸಂಪಾದಕರ ಸಮಿತಿಯ ನಾಲ್ಕು ಷರತ್ತುಗಳೂ ಒಟ್ಟಿಗೆ ಪೂರೈಸಬೇಕು: ಕೆಲಸದಲ್ಲಿ ಗಣನೀಯ ಪಾಲು, ಬರಹದಲ್ಲಿ ಅಥವಾ ಅದರ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸದ ಹೊಣೆ. ವಿಭಾಗದ ಮುಖ್ಯಸ್ಥರಾಗಿರುವುದು, ಉಪಕರಣ ಬಳಸಲು ಬಿಟ್ಟದ್ದು, ಹಣ ತಂದದ್ದು, ಇವು ತಾವಾಗಿಯೇ ಲೇಖಕರ ಪಟ್ಟ ಕೊಡುವುದಿಲ್ಲ. ಕ್ರೆಡಿಟ್ ಎಂಬ ಪದ್ಧತಿ ಕೆಲಸವನ್ನು 14 ಪಾತ್ರಗಳಾಗಿ ಬಿಡಿಸುತ್ತದೆ. ಪರಿಕಲ್ಪನೆ, ವಿಧಾನ, ಕ್ಷೇತ್ರಕಾರ್ಯ, ದತ್ತಾಂಶ ನಿರ್ವಹಣೆ, ವಿಶ್ಲೇಷಣೆ, ಮೊದಲ ಕರಡು, ಮೇಲ್ವಿಚಾರಣೆ ಹೀಗೆ. ಇದನ್ನು ಮೊದಲ ಸಭೆಯಲ್ಲೇ ಪೆನ್ಸಿಲಿನಲ್ಲಿ ತುಂಬಿ, ಆರು ತಿಂಗಳಿಗೊಮ್ಮೆ ತಿದ್ದಿ, ಕರಡು ಸಿದ್ಧವಾದಾಗ ಪೆನ್ನಿನಲ್ಲಿ ಬರೆಯಿರಿ. ಆಗ ಹೆಸರುಗಳ ಕ್ರಮದ ಜಗಳ ಸಭೆಯಲ್ಲೇ ಮುಗಿಯುತ್ತದೆ. ಕೊನೆಯ ವಾರ ಅದು ಎದ್ದರೆ ಸೋಲುವುದು ಯಾವಾಗಲೂ ಸಂಶೋಧನಾರ್ಥಿಯೇ. ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರು, ದಾರಿ ತೋರಿಸಿದ ಕಾಡಿನ ಮಂದಿ, ಅವರಲ್ಲಿ ಕೆಲವರು ನಾಲ್ಕೂ ಷರತ್ತು ಪೂರೈಸುವಂತೆ ಅವಕಾಶ ಮಾಡಿಕೊಡಬಹುದು: ಕರಡನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಅವರ ತಿದ್ದುಪಡಿ ಪಡೆಯಬಹುದು. ಉಳಿದವರಿಗೆ ಕೃತಜ್ಞತೆಯಲ್ಲಿ ಹೆಸರು, ಅದೂ ಅವರನ್ನು ಕೇಳಿ.

ವಹಿ ನಡೆಸುವುದು ಹೀಗೆ. ಎಂಟು ಪುಟ ಸಾಕು. ಮೊದಲ ಏಳು: ಅನುಮತಿ, ಒಪ್ಪಿಗೆ ಪತ್ರಗಳು, ಮಾದರಿ ಮತ್ತು ದತ್ತಾಂಶ, ಮೂಲ ದತ್ತಾಂಶ ನೋಡಿದವರು, ಹಣ, ಹಿತಾಸಕ್ತಿ, ಕೆಲಸ ಹಂಚಿಕೆ. ಎಂಟನೆಯ ಪುಟದಲ್ಲಿ ಬದಲಾವಣೆಗಳು: ಏನು, ಯಾವಾಗ, ಯಾಕೆ. ಹಂಚಿಕೊಂಡ ಕಡತವಾಗಿ ಎಲ್ಲ ಸಂಸ್ಥೆಗಳಿಗೂ ತೆರೆದಿರಲಿ, ಹಳೆಯ ನಮೂದು ಅಳಿಸಲು ಬಾರದಂತಿರಲಿ. ಪ್ರತಿ ಸಂಸ್ಥೆಯಲ್ಲೂ ಒಬ್ಬರು ಹೊಣೆಗಾರರಿರಲಿ. ಅವರು ಪ್ರಧಾನ ಸಂಶೋಧಕರಾಗದಿರುವುದು ಒಳ್ಳೆಯದು, ಗ್ರಂಥಪಾಲಕರು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತಾರೆ. ತಿಂಗಳಿಗೆ ಒಂದು ಗಂಟೆಯ ಕೆಲಸ. ಯುಜಿಸಿ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆಂದು ತಂದ ಸಂಶೋಧನೆ ಮತ್ತು ಪ್ರಕಟಣಾ ನೀತಿಯ 2 ಕ್ರೆಡಿಟ್‌ಗಳ, 30 ಗಂಟೆಗಳ ಕೋರ್ಸಿನಲ್ಲಿ ಈ ವಹಿ ತುಂಬುವುದನ್ನೇ ಪ್ರಾಯೋಗಿಕ ಪಾಠವಾಗಿ ಇಡಬಹುದು. ಯೋಜನೆ ಮುಗಿದಾಗ ಫಲಿತಾಂಶದ ಒಂದು ಪುಟದ ಕನ್ನಡ ಸಾರಾಂಶ, ಮಾಹಿತಿ ಕೊಟ್ಟ ಊರಿನ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಲುಪಿದ ದಿನಾಂಕ, ಇದು ಕೊನೆಯ ನಮೂದು. ಅದು ಬೀಳುವವರೆಗೆ ಯೋಜನೆಯ ಮುಕ್ತಾಯ ಪ್ರಮಾಣಪತ್ರಕ್ಕೆ ಕುಲಸಚಿವರು ಸಹಿ ಹಾಕಬಾರದು.

ಈಗಾಗಲೇ ನಡೆಯುತ್ತಿರುವ ಯೋಜನೆಗಳಿಗೂ ವಹಿ ತೆರೆಯಿಸಿ. ತೆರೆದ ದಿನಾಂಕವನ್ನು ಕೆಂಪು ಗೆರೆಯಿಂದ ಗುರುತಿಸಿ, ಅದರ ಮೇಲಿನದೆಲ್ಲ ನೆನಪಿನಿಂದ, ಹಳೆಯ ಇಮೇಲುಗಳಿಂದ ಬರೆದದ್ದು ಎಂದು ಬದಿಯಲ್ಲಿ ನಮೂದಿಸಿದರೆ ಸಾಕು. ಕಾಗದ ಸಿಗದ ಕಡೆ ಖಾಲಿ ಬಿಡಲಿ, ಹಿಂದಿನ ದಿನಾಂಕ ಹಾಕಿ ತುಂಬುವುದು ಬೇಡ.

ಇತಿ ತಮ್ಮ ವಿಶ್ವಾಸಿಗಳು,
ನೈತಿಕ ಸಮಿತಿ, ದತ್ತಾಂಶ ವಿಶ್ಲೇಷಣೆ, ಅನುವಾದ ಮತ್ತು ಗ್ರಂಥಾಲಯಗಳ ಕೆಲಸದಲ್ಲಿರುವ ಕೆಲವರು